ಮರ್ಯಾದೆಯ ಎರಡು ಅರ್ಥ: ಹಗರೆ ಸುತ್ತಲಿನ ಶಾಸನಗಳಲ್ಲಿ ಅನ್ಯಮತದ ನಂಟು

ಹಾಸನದಿಂದ ಬೇಲೂರಿಗೆ ಹೊರಟವರಿಗೆ ಹಗರೆಯಲ್ಲಿ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಬೇಲೂರು, ಬಲಕ್ಕೆ ಹೊರಳಿದರೆ ಹಳೇಬೀಡು. ಹಳೇಬೀಡನ್ನು ದಾಟಿದ ದಾರಿ ಜಾವಗಲ್ಲಿನ ಮೇಲೆ ಅರಸೀಕೆರೆಯತ್ತ ಸಾಗುತ್ತದೆ. ಶಿಲ್ಪ ನೋಡಲು ಬರುವ ಪ್ರವಾಸಿ ಹಗರೆಯಲ್ಲಿ ಟೀ ಕುಡಿದು ಮುಂದೆ ಹೋಗುತ್ತಾನೆ. ಶಾಸನ ಓದುವವನಿಗೆ ಮಾತ್ರ ಈ ಕವಲು ಬೇರೊಂದು ಕಾರಣಕ್ಕೆ ಮುಖ್ಯ. ಒಂದು ಮತದವರು ಇನ್ನೊಂದು ಮತದವರೊಡನೆ ಹೇಗೆ ಬಾಳಿದರು, ಎಲ್ಲಿ ಕೆಡಿಸಿಕೊಂಡರು, ಕೆಟ್ಟದ್ದನ್ನು ಹೇಗೆ ಸರಿಪಡಿಸಿಕೊಂಡರು ಎಂಬುದಕ್ಕೆ ಇಷ್ಟು ಹತ್ತಿರ ಹತ್ತಿರದಲ್ಲಿ ಇಷ್ಟೊಂದು ಬರಹ ಸಿಗುವ ಸೀಮೆ ಕನ್ನಡನಾಡಿನಲ್ಲಿ ವಿರಳ.

ಈ ವಿಷಯದಲ್ಲಿ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಬೇಲೂರಿನ ಒಂದು ಶ್ಲೋಕದಿಂದ ಮಾತು ಶುರುಮಾಡುತ್ತಾರೆ. ಶೈವರು, ವೇದಾಂತಿಗಳು, ಬೌದ್ಧರು, ಜೈನರು ಬೇರೆ ಬೇರೆ ಹೆಸರಿನಲ್ಲಿ ಪೂಜಿಸುವವನು ಕೇಶವನೊಬ್ಬನೇ ಎನ್ನುವ ಆ ಶ್ಲೋಕವನ್ನು ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ದಣಿದಿದೆ. ಅದರ ಸೊಗಸಿಗೆ ನನ್ನ ತಕರಾರಿಲ್ಲ. ಆದರೆ ಎಲ್ಲವೂ ಒಂದೇ ಎಂದುಬಿಟ್ಟರೆ ನೆರೆಯವನ ದೇವರನ್ನು ಗೌರವಿಸುವ ಕಷ್ಟವೇ ಉಳಿಯುವುದಿಲ್ಲ. ಅವನ ದೇವರು ನನ್ನ ದೇವರೇ ಆಗಿಬಿಡುತ್ತಾನೆ. ಈ ಲೇಖನದ ಆಸಕ್ತಿ ಇರುವುದು ಒಂದೇ ಅಲ್ಲ ಎಂದು ತಿಳಿದೂ ಒಟ್ಟಿಗಿದ್ದವರ ಕಡೆಗೆ. ಅವರ ನಡವಳಿಕೆಗೆ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಮರ್ಯಾದೆ’. ಈಗ ನಾವು ಗೌರವ ಎಂಬರ್ಥದಲ್ಲಿ ಬಳಸುವ ಈ ಪದದ ಮೂಲಾರ್ಥ ಎಲ್ಲೆ, ಗಡಿ. ಗಡಿಯಿಂದ ಕಟ್ಟಳೆ, ಕಟ್ಟಳೆಯಿಂದ ರೂಢಿ, ರೂಢಿಯಿಂದ ಗೌರವ, ಹೀಗೆ ಅದು ಬೆಳೆದಿದೆ. ಹಗರೆ ಸುತ್ತಲಿನ ಸಾಮರಸ್ಯದ ಕಥೆ ಈ ಅರ್ಥಗಳ ನಡುವೆಯೇ ಅಡಗಿದೆ.

ಮೊದಲು ಮನೆಯೊಳಗಿನ ಉದಾಹರಣೆ. ಹೊಯ್ಸಳ ಅರಸ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತಾಯಿಯ ದಾರಿ ಹಿಡಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅದಕ್ಕೂ ಮೊದಲೇ ಬೇಲೂರಿನಲ್ಲಿ ಗಂಡ ಕಟ್ಟಿಸಿದ ವಿಜಯನಾರಾಯಣನ ಗುಡಿಯ ಪಕ್ಕದಲ್ಲಿ ಚೆನ್ನಿಗರಾಯನ ಗುಡಿ ಎತ್ತಿಸಿದ್ದಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಮಗಳ ಸಾವಿನ ದುಃಖದಲ್ಲೂ ತಾಯಿ ತನ್ನ ಮತದ ದಾರಿಯಲ್ಲೇ ಹೋದಳು. ಆ ಮನೆಯಲ್ಲಿ ಯಾರೂ ಯಾರ ನಂಬಿಕೆಯಲ್ಲೂ ಕರಗಿಹೋಗಲಿಲ್ಲ.

1133ರ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನ ಇನ್ನೂ ಸ್ವಾರಸ್ಯಕರ. ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗಾಗಿ ಕಟ್ಟಿಸಿದ ಈ ದ್ರೋಹಘರಟ್ಟ ಜಿನಾಲಯದ ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಶೇಷ ಪ್ರಸಾದ ಹಿಡಿದು ಬಂಕಾಪುರದಲ್ಲಿದ್ದ ಅರಸನ ಬಳಿ ಹೋದರು. ವಿಷ್ಣುವರ್ಧನ ಆಗತಾನೇ ಹಾನುಂಗಲ್ಲಿನ ಕದಂಬ ಮಸಣನನ್ನು ಗೆದ್ದಿದ್ದ. ಮಗ ಹುಟ್ಟಿದ ಸುದ್ದಿಯೂ ಅದೇ ಹೊತ್ತಿಗೆ ಬಂದಿತ್ತು. ವೈಷ್ಣವನಾಗಿದ್ದ ಅರಸ ಎದ್ದು ನಿಂತು ಕೈಮುಗಿದು ಜಿನನ ಗಂಧೋದಕವನ್ನೂ ಶೇಷೆಯನ್ನೂ ಸ್ವೀಕರಿಸಿದ. ಈ ದೇವರ ಪ್ರತಿಷ್ಠೆಯಿಂದಲೇ ತನಗೆ ಗೆಲುವೂ ಮಗನೂ ದಕ್ಕಿದವೆಂದು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಬೇಲೂರಿನ ಕೇಶವ ಆಗಲೇ ವಿಜಯನಾರಾಯಣ. ಹಗರೆಯಿಂದ ಕವಲೊಡೆದ ಎರಡು ದಾರಿಗಳ ಕೊನೆಯಲ್ಲಿ ಒಂದೇ ‘ವಿಜಯ’ ಹೊತ್ತ ಎರಡು ದೇವರು. ಅರಸ ಇಬ್ಬರನ್ನೂ ಒಬ್ಬನೆಂದು ಕರೆಯಲಿಲ್ಲ. ಹೆಸರಿನ ಅರ್ಧವನ್ನಷ್ಟೇ ಹಂಚಿದ.

ಅರಸೀಕೆರೆಯಲ್ಲಿ 1220ರ ಹೊತ್ತಿಗೆ ರೇಚರಸ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಾಪಿಸಿದ. ಕಳಚೂರಿಗಳ ಆಶ್ರಯ ಬಿಟ್ಟು ಹೊಯ್ಸಳ ವೀರಬಲ್ಲಾಳನ ಬಳಿಗೆ ಬಂದ ಈ ದಂಡನಾಯಕನ ಬಿರುದು ‘ವಸುಧೈಕಬಾಂಧವ’. ಬಿರುದುಗಳನ್ನು ಅಕ್ಷರಶಃ ನಂಬುವವನು ನಾನಲ್ಲ, ಆದರೂ ಶೌರ್ಯದ ಬಿರುದುಗಳೇ ತುಂಬಿದ್ದ ಕಾಲದಲ್ಲಿ ಲೋಕಕ್ಕೆಲ್ಲ ನೆಂಟನೆನಿಸಿಕೊಳ್ಳಲು ಬಯಸಿದವನೊಬ್ಬನಿದ್ದ ಎಂಬುದು ಗಮನಿಸತಕ್ಕದ್ದೇ.

ಇಲ್ಲಿಯವರೆಗಿನದು ಅರಸರ, ದಂಡನಾಯಕರ ಔದಾರ್ಯ. ಜಗಳ ಬಂದಾಗ ಏನಾಯಿತೆಂಬುದೇ ನಿಜವಾದ ಪರೀಕ್ಷೆ.

ವಿಜಯನಗರದ ಒಂದನೆಯ ಬುಕ್ಕನ ಕಾಲದಲ್ಲಿ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಹತ್ತಿದ ವ್ಯಾಜ್ಯದ ತೀರ್ಮಾನ ಶ್ರವಣಬೆಳಗೊಳದ ಕಲ್ಲಿನಲ್ಲಿದೆ. ಮಾಗಡಿ ಸೀಮೆಯ ಕಲ್ಯದಲ್ಲೂ ಅದರ ಪ್ರತಿ ಇದೆ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶ ‘ಪೂರ್ವಮರಿಯಾದೆ’ಯಂತೆ ಸಲ್ಲಬೇಕು, ಜೈನದರ್ಶನಕ್ಕೆ ಬರುವ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೆಂದೇ ಎಣಿಸಬೇಕು ಎಂಬುದು ಅದರ ತಿರುಳು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಈ ಚಿತ್ರ ನಮ್ಮ ಪಠ್ಯಪುಸ್ತಕಗಳಿಗೆ ಬಹಳ ಪ್ರಿಯ. ಮುಂದಿನ ಸಾಲುಗಳನ್ನು ಓದುವವರು ಕಡಿಮೆ: ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು, ಅದರಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಅಂದರೆ ಕಾವಲಿನ ಖರ್ಚು ಕಾಯಿಸಿಕೊಳ್ಳುವವರ ಮೇಲೆಯೇ ಬಿತ್ತು. ಕೈಹಿಡಿಸುವುದರಲ್ಲಿ ಗೆಳೆತನವೂ ಇದೆ, ಕೈಯೆಡೆಯಾಗಿ ಒಪ್ಪಿಸುವುದೂ ಇದೆ. ಒಪ್ಪಿಸಲ್ಪಟ್ಟವನು ಸಮಾನನೇ ಎಂಬ ಪ್ರಶ್ನೆಯನ್ನು ಶಾಸನ ಎತ್ತುವುದಿಲ್ಲ. ಆದರೆ ಸುಣ್ಣ ಯಾವ ಹಣದಲ್ಲಿ, ಕಾವಲು ಎಷ್ಟು ಜನ ಎಂದು ಲೆಕ್ಕ ಬರೆದಿಟ್ಟಿದೆ. ಲೆಕ್ಕವಿಲ್ಲದ ಸೌಹಾರ್ದಕ್ಕಿಂತ ಅದು ಎಷ್ಟೋ ಮೇಲು.

ಈಗ ಈ ಲೇಖನದ ನಡುಮನೆಗೆ ಬರೋಣ. 1902ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ 128ನೆಯ ಶಾಸನ 1638ರದು. ಬೇಲೂರಿನಲ್ಲಿ ವೆಂಕಟಾದ್ರಿ ನಾಯಕ ಆಳುತ್ತಿದ್ದ ಕಾಲ. ಹುಚ್ಚಪ್ಪದೇವ ಎಂಬ ವೀರಶೈವ ಹಳೇಬೀಡಿನ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. (ಐನೂರು ವರ್ಷ ಕಳೆದರೂ ಆ ಊರಿನಲ್ಲಿ ‘ವಿಜಯ’ ಎಂಬ ಹೆಸರು ಬದುಕಿತ್ತು, ಕಾಕತಾಳೀಯವಿರಬಹುದು, ಹೇಳದೆ ಬಿಡಲು ಮನಸ್ಸಾಗಲಿಲ್ಲ.) ಲಿಂಗ ಅಳಿಸಿದ್ದು ಸಣ್ಣ ಮಾತಲ್ಲ. ಬೇರೆ ಕಡೆಗಳಲ್ಲಿ ಇಷ್ಟಕ್ಕೇ ರಕ್ತ ಹರಿದ ನಿದರ್ಶನಗಳಿವೆ. ಇಲ್ಲಿ ಬೇಲೂರು ಸೀಮೆಯ ಜೈನ ಮುಖಂಡರು ನಾಯಕನ ಅರಮನೆಗೆ ದೂರು ಒಯ್ಯುವ ಬದಲು ಹಳೇಬೀಡಿನ ಮತ್ತು ಪಕ್ಕದ ಪುಷ್ಪಗಿರಿಯ ವೀರಶೈವ ಹಿರಿಯರಾದ ಮಹಾಮಹತ್ತಿನವರಿಗೇ ಅರಿಕೆ ಮಾಡಿಕೊಂಡರು. ಎದುರು ಪಕ್ಷವನ್ನೇ ನ್ಯಾಯ ಕೇಳಿದರು.

ಅವರ ತೀರ್ಪು ಹೀಗೆ: ಜೈನರು ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ವಿಜಯಪಾರ್ಶ್ವನ ಪೂಜೆ, ಅಂಗರಂಗವೈಭವ, ದೀಪ, ಅಭಿಷೇಕಗಳನ್ನು ಹಿಂದಿನ ರೂಢಿಯಂತೆ ಸೂರ್ಯಚಂದ್ರರಿರುವ ತನಕ ನಡೆಸಿಕೊಂಡು ಹೋಗತಕ್ಕದ್ದು. ಇದನ್ನು ಎರಡು ಬಗೆಯಲ್ಲಿ ಓದಬಹುದು. ತಮ್ಮ ಬಸದಿಯಲ್ಲಿ ತಮ್ಮ ದೇವರ ಪೂಜೆಗೆ ಮುನ್ನ ಜೈನರು ಅನ್ಯಮತಕ್ಕೆ ಮೊದಲ ವೀಳ್ಯ ಕೊಡಬೇಕಾಯಿತು. ಇದು ಬಲವಂತರ ಮೇಲುಗೈ. ಇಲ್ಲವೆ, ಲಿಂಗವನ್ನು ಅಳಿಸಿದ್ದಕ್ಕೆ ದಂಡವಿಲ್ಲ, ಬಸದಿ ಕಸಿದುಕೊಂಡಿಲ್ಲ, ಒಂದು ಚಿಟಿಕೆ ವಿಭೂತಿ, ಒಂದು ಮಡಿಕೆ ಎಲೆಗೆ ಮಾತು ಮುಗಿದಿದೆ, ಇದು ವಿವೇಕ. ಎರಡೂ ನಿಜವೆಂದೇ ನನ್ನ ಅಭಿಪ್ರಾಯ. ವೀಳ್ಯ ಕೊಡುವುದು ಈ ಸೀಮೆಯಲ್ಲಿ ಕರೆಯುವುದಕ್ಕೂ ಒಪ್ಪಿಗೆಗೂ ರಾಜಿಗೂ ಗುರುತು. ಯಾರಿಗೆ ಮೊದಲ ವೀಳ್ಯ ಎಂಬುದಕ್ಕೆ ಮದುವೆಮನೆಗಳಲ್ಲಿ ಇಂದಿಗೂ ಮುನಿಸು ಬರುತ್ತದೆ.

ತೀರ್ಪಿಗಿಂತ ಅದರ ಕೊನೆಯಲ್ಲಿರುವ ಶಾಪಾಶಯದ ಭಾಗವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗೆ ತಪ್ಪಿದವನು. ಜಿನನ ಪೂಜೆ ಕೆಡಿಸಿದರೆ ಆಗುವ ಪಾಪ ಶಿವದ್ರೋಹ! ವೀರಶೈವ ಹಿರಿಯರು ಶಿಕ್ಷೆಯನ್ನು ವಿಧಿಸಿದ್ದು ಜೈನರಿಗಲ್ಲ, ತಮ್ಮ ಮುಂದಿನ ಪೀಳಿಗೆಗೆ. ಅದೂ ತಮ್ಮದೇ ನಂಬಿಕೆಯ ಭಾಷೆಯಲ್ಲಿ. ಅನ್ಯಮತದ ಸತ್ಯವನ್ನು ಒಪ್ಪಬೇಕಾದ ಪ್ರಸಂಗವೇ ಅಲ್ಲಿ ಬರುವುದಿಲ್ಲ. ತಮ್ಮ ಶಿವನಿಗೆ ನಿಷ್ಠರಾಗಿರಬೇಕಾದರೆ ನೆರೆಯವನ ಜಿನನಿಗೆ ದೀಪ ಉರಿಯಬೇಕು, ಅಷ್ಟೇ.

ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಗೆಳೆಯರ ನಡುವೆ ಕಾಣುವ ರೀತಿಯೂ ಇದನ್ನೇ ಹೋಲುತ್ತದೆ. ಮುಸ್ಲಿಂ ಮನೆಯ ಮದುವೆಯಲ್ಲಿ ಮಾಂಸ ತಿನ್ನದ ಸ್ನೇಹಿತರಿಗೆಂದು ಅಡುಗೆ ಭಟ್ಟರನ್ನು ಕರೆಸಿ ಬೇರೆ ಒಲೆ ಹೂಡಿಸುತ್ತಾರೆ. ‘ನಮ್ಮನೆ ಊಟ ಮಾಡದಿದ್ರೆ ಎಂಥಾ ಸ್ನೇಹ ನಿಂದು’ ಎಂದು ಯಾರೂ ಹಟ ಹಿಡಿಯುವುದಿಲ್ಲ. ‘ನಿಮಗೆ ಅಂತ್ಲೇ ಬೇರೆ ಮಾಡ್ಸಿದೀವಿ, ಉಂಡೇ ಹೋಗ್ಬೇಕು’ ಎನ್ನುತ್ತಾರೆ. ಮೊಹರಂ ಈ ಕಡೆ ಬಾಬಯ್ಯನ ಹಬ್ಬ. ಹರಕೆ ಹೊತ್ತ ಹಿಂದೂಗಳು ಅದರಲ್ಲಿ ಸೇರುವುದಕ್ಕೆ ತಮ್ಮ ಮನೆದೇವರನ್ನು ಬಿಡಬೇಕಾಗಿಲ್ಲ. ಗಡಿಯನ್ನು ಅಳಿಸದೆ, ಅದರಾಚೆಗೆ ಎಲೆ ಹಾಕುವ ಈ ನಡತೆಯನ್ನು ಮೇಲುಮೇಲಿನ ಸಹನೆ ಎಂದು ಹಳಿಯುವವರಿದ್ದಾರೆ. ಒಟ್ಟಿಗೆ ಒಂದೇ ಎಲೆಯಲ್ಲಿ ಉಣ್ಣುವುದೇ ಸಮಾನತೆ ಎನ್ನುವವರ ಮಾತಿನಲ್ಲಿ, ಜಾತಿಯ ವಿಷಯಕ್ಕೆ ಬಂದರೆ, ಪೂರ್ತಿ ಹುರುಳಿದೆ. ಮತದ ವಿಷಯದಲ್ಲಿ ನನಗೆ ಅಷ್ಟು ಖಚಿತವಿಲ್ಲ.

ಬೇಲೂರಿನ ಚೈತ್ರದ ರಥೋತ್ಸವಕ್ಕೆ ಬಂದು ಮಾತು ನಿಲ್ಲಿಸಬೇಕು. ಚೆನ್ನಕೇಶವನ ತೇರು ಹೊರಡುವ ಮುನ್ನ ಖಾಜಿಯೊಬ್ಬರು ಕುರ್‌ಆನಿನ ಸಾಲುಗಳನ್ನು ಪಠಿಸುವುದು ಅಲ್ಲಿ ನಡೆದುಬಂದಿದ್ದ ರೂಢಿ. ಇದೇ ದೇಗುಲದ 1397ರ ಶಾಸನ, ಕಲಬುರಗಿಯ ಕಡೆಯಿಂದ ಬಂದ ಗಂಗ ಸಾಲಾರನೆಂಬ ತುರುಕ ಸುಟ್ಟ ಗೋಪುರವನ್ನು ವಿಜಯನಗರದ ಹರಿಹರನ ದಂಡನಾಯಕ ಗುಂಡ ಮತ್ತೆ ಎತ್ತಿಸಿದನೆಂದು ಹೇಳುತ್ತದೆ. ಸುಟ್ಟ ನೆನಪನ್ನು ಊರು ಅಳಿಸಲಿಲ್ಲ. ಅದೇ ಅಂಗಳದಲ್ಲಿ ಖಾಜಿಗೂ ಮರ್ಯಾದೆ ಇಟ್ಟಿತು. 2022ರಲ್ಲಿ ಈ ಪಠಣಕ್ಕೆ ಹಿಂದೂಪರ ಸಂಘಟನೆಗಳ ವಿರೋಧ ಬಂತು. ಮುಜರಾಯಿ ಇಲಾಖೆ ರೂಢಿ ಮುಂದುವರಿಯಲಿ ಎಂದಿತು, ಪಠಣ ನಡೆಯಿತು. ಮರುವರ್ಷ ಪ್ರತಿಭಟನೆ ಜೋರಾಯಿತು. 1932ರ ದೇವಾಲಯ ಕೈಪಿಡಿಯಲ್ಲಿ ಇರುವುದು ಪಠಣವೋ ಬರೀ ವಂದನೆಯೋ ಎಂಬ ಚರ್ಚೆ ಎದ್ದಿತು. ಕೊನೆಗೆ ರಥದ ಎದುರಿಗೆ ಬದಲಾಗಿ ದೇಗುಲದ ಮೆಟ್ಟಿಲ ಬಳಿ ಪಠಣವಾಯಿತು.

ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎರಡರಲ್ಲೂ ಜಗಳ ಎಲ್ಲಿ, ಯಾವಾಗ, ಯಾರು ಮೊದಲು ಎಂಬುದರ ಸುತ್ತಲೇ. ಆದರೆ 1638ರಲ್ಲಿ ಕಟ್ಟು ಹಾಕಿದ್ದು ಸ್ಥಳದ ಹಿರಿಯರು, ಹಾಕಿದ್ದು ತಮ್ಮವರಿಗೆ. 2022–23ರಲ್ಲಿ ಎರಡು ಕಡೆಯವರೂ ಕಾದದ್ದು ಇಲಾಖೆಯ ಆದೇಶಕ್ಕೆ. ಆದೇಶಕ್ಕೆ ಶಿವದ್ರೋಹ ಎನ್ನುವ ಭಾಷೆ ಗೊತ್ತಿಲ್ಲ. ಅದರ ಬಲ ಕಡತದಲ್ಲಿರುವ ಸಾಲಿನಷ್ಟೇ. ತೇರು ನಿಲ್ಲುವ ಜಾಗಕ್ಕೂ ಮೆಟ್ಟಿಲಿಗೂ ಅಂತರ ಕೆಲವು ಹೆಜ್ಜೆ. ಹಳೇಬೀಡಿನ ಮಹಾಮಹತ್ತಿನವರ ಮುಂದೆ ಇದು ಬಂದಿದ್ದರೆ ಆ ಹೆಜ್ಜೆಗಳನ್ನು ಎಣಿಸಿ, ಯಾರ ವೀಳ್ಯ ಯಾರಿಗೆ ಮೊದಲು ಎಂದು ಗೊತ್ತುಮಾಡಿ, ತಪ್ಪಿದ ತಮ್ಮವನಿಗೆ ತಮ್ಮ ದೇವರ ಹೆಸರಿನಲ್ಲೇ ಶಾಪ ಹಾಕಿ, ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುತ್ತಿದ್ದರು.