ಎಚ್.ಎನ್. ಹೆಸರಿನ ದತ್ತಿ ಯಾರ ಕೈ ಸೇರಬೇಕು

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹುಡುಗನೊಬ್ಬ ಓದಲೆಂದು ಬೆಂಗಳೂರಿಗೆ ನಡೆದುಕೊಂಡು ಬಂದ. ಬಸ್ಸಿಗೆ ಕಾಸಿರಲಿಲ್ಲ, ದಾರಿ ಸವೆಯಲು ಎರಡು ದಿನ ಹಿಡಿಯಿತು. ಊರಿನಲ್ಲಿ ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು ಆಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಅವರೇ ಕರೆಸಿಕೊಂಡಿದ್ದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ, ಅವರ ಹಿಂದಿ ಮಾತುಗಳನ್ನು ಕನ್ನಡದಲ್ಲಿ ಹೇಳುವ ಹೊಣೆ ಬಿದ್ದದ್ದು ಈ ಹಳ್ಳಿ ಹುಡುಗನ ಮೇಲೆ. ಅವನೇ ಎಚ್. ನರಸಿಂಹಯ್ಯ, ನಾಡಿಗೆಲ್ಲ ಎಚ್.ಎನ್.

ಹೋಂ ರೂಲ್ ಚಳವಳಿಯ ಕಾವಿನಲ್ಲಿ, ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ಶಾಲೆ ಅದು. ಅದರ ಜೊತೆಗೆ ನ್ಯಾಷನಲ್ ಕಾಲೇಜು ಶುರುವಾದದ್ದು 1945ರಲ್ಲಿ. ಕ್ವಿಟ್ ಇಂಡಿಯಾ ಚಳವಳಿಗಾಗಿ ಓದು ಬಿಟ್ಟು ಜೈಲಿಗೆ ಹೋಗಿ ಬಂದಿದ್ದ ಎಚ್.ಎನ್. 1946ರಲ್ಲಿ ಅಲ್ಲಿಗೆ ಭೌತವಿಜ್ಞಾನದ ಅಧ್ಯಾಪಕರಾಗಿ ಸೇರಿದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಮರಳಿ ಬಂದದ್ದು ಅದೇ ಕಾಲೇಜಿಗೆ, ಅದೇ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಯಲ್ಲಿ. ಮುಂದೆ ಪ್ರಿನ್ಸಿಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1984ರಲ್ಲಿ ಪದ್ಮಭೂಷಣ ಬಂತು.

ಇಷ್ಟೆಲ್ಲ ಆದರೂ ಮನೆ ಮಾಡಲಿಲ್ಲ, ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ದೊಡ್ಡ ಹುದ್ದೆಗಳಿಗಿಂತ ಆ ಕೋಣೆಯೇ ಅವರನ್ನು ಹೆಚ್ಚು ಹೇಳುತ್ತದೆ ಎಂಬುದು ನನ್ನ ನಂಬಿಕೆ. ಹಳ್ಳಿಯಿಂದ ಬಂದ ಹುಡುಗರ ನಡುವೆಯೇ ಇದ್ದವರಿಗೆ ಅವರ ಹಸಿವು, ಹಿಂಜರಿಕೆಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಹೋದದ್ದು ಈ ತಿಳಿವಿನಿಂದಲೇ: ಬೆಂಗಳೂರಿಗೆ ಬರಲಾಗದವರ ಬಳಿಗೆ ಕಾಲೇಜೇ ಹೋಗಬೇಕು.

1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಉಪನ್ಯಾಸ ನಡೆಸಿತು. ಟಿಕೆಟ್ಟಿಲ್ಲ, ಯಾರಾದರೂ ಬರಬಹುದು; ವಿಜ್ಞಾನಿ ಎದುರಿಗೆ ನಿಂತು ಮಾತಾಡುತ್ತಾನೆ, ಹಿಂದಿನ ಬೆಂಚಿನ ಹುಡುಗ ಎದ್ದು ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳುವ ಆ ಧೈರ್ಯವನ್ನೇ ಎಚ್.ಎನ್. ವಿದ್ಯೆ ಎಂದು ತಿಳಿದಿದ್ದರು. ಪವಾಡಗಳನ್ನು ಪರಿಶೀಲಿಸಲು 1976ರಲ್ಲಿ ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ್ದರ ಹಿಂದೆ ಇದ್ದದ್ದೂ ಅದೇ ಮನಸ್ಸು.

2005ರ ಜನವರಿ 31ರಂದು ಅವರು ತೀರಿಕೊಂಡರು. ಇಂಥ ಮೇಷ್ಟ್ರ ಹೆಸರಿನಲ್ಲಿ ದತ್ತಿ ಇಡಬೇಕೆಂದು ಹಳೆಯ ವಿದ್ಯಾರ್ಥಿಗಳಿಗೆ ಅನಿಸುವುದು ಸಹಜ. ರ‍್ಯಾಂಕ್ ಬಂದವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಲಕೋಟೆ ಕೊಡುವುದು ಸುಲಭ. ಅವರಿಗೆ ಬಹುಮಾನಗಳು ಬೇರೆ ಕಡೆಯೂ ಸಿಗುತ್ತವೆ. ಎಚ್.ಎನ್. ಹೆಸರಿನ ಹಣ ಸಲ್ಲಬೇಕಾದದ್ದು ಸೀಟು ಸಿಕ್ಕಿಯೂ ಊಟ-ವಸತಿಗೆ ದಾರಿ ಕಾಣದೆ ಊರಿನಲ್ಲೇ ಉಳಿದುಬಿಡುವವರಿಗೆ. ಅಂಥವರು ಅರ್ಜಿ ಹಿಡಿದು ತಾವಾಗಿ ಬರುವುದು ಅಪರೂಪ. ಹಳ್ಳಿ ಶಾಲೆಗಳ ಮೇಷ್ಟ್ರುಗಳನ್ನು ಕೇಳಿ ಅವರನ್ನು ಹುಡುಕಬೇಕು. ಹಣವನ್ನೂ ವರ್ಷದ ಕೊನೆಯ ಸಮಾರಂಭದವರೆಗೆ ಕಾಯಿಸದೆ, ಕಾಲೇಜು ತೆರೆಯುವ ಮೊದಲ ವಾರದಲ್ಲೇ ಹಾಸ್ಟೆಲಿಗೆ ಕಟ್ಟಿಬಿಡಬೇಕು.