ಆ ಒಂದು ತಿಂಗಳು

ಶಾಲೆಯ ಇತಿಹಾಸದಲ್ಲಿ ಇಸ್ಲಾಂ ಧರ್ಮದ ಉದಯಕ್ಕೆ ಸಿಗುವುದು ಕೆಲವೇ ಪುಟ. ಮೆಕ್ಕಾ, ಮದೀನಾ, ಕ್ರಿ.ಶ. 622ರ ವಲಸೆ, ಒಂದೆರಡು ಯುದ್ಧ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆದರೂ ಪ್ರತಿವರ್ಷ ಯಾರಾದರೊಬ್ಬ ಹುಡುಗಿ ಎದ್ದು ನಿಂತು ಕೇಳುತ್ತಾಳೆ: "ಮಿಸ್, ಪ್ರವಾದಿ ಅಂದ್ರೆ ಮುಂದಾಗೋದೆಲ್ಲ ಗೊತ್ತಿರೋರಾ?"

'ನಬಿ' ಎಂಬ ಅರಬ್ಬಿ ಪದ ಸುದ್ದಿ ಎಂಬ ಅರ್ಥದ ಮೂಲದಿಂದ ಬಂದದ್ದೆನ್ನುತ್ತಾರೆ. ದೇವರು ಹೇಳಿಕಳಿಸಿದ್ದನ್ನು ಜನರಿಗೆ ಮುಟ್ಟಿಸುವವರು ನಬಿ. ಕಣ್ಣಿಗೆ ಕಾಣದ್ದು 'ಗೈಬ್'. ಸಾಮಾನು ಗಾಯಬ್ ಆಯಿತು ಎನ್ನುತ್ತೇವಲ್ಲ, ಅದೇ ಮೂಲದ ಪದ. ಗೈಬಿನ ಅರಿವು ತನಗಿಲ್ಲವೆಂದು ಜನರಿಗೆ ತಿಳಿಸುವಂತೆ ಕುರ್‌ಆನ್ ಮುಹಮ್ಮದರಿಗೇ ಹೇಳುತ್ತದೆ. ಅಲ್ಲಾಹನು ತೋರಿಸಿದಷ್ಟು ಮಾತ್ರ ಪ್ರವಾದಿಗೆ ಕಾಣುತ್ತದೆ. ಎಷ್ಟು ತೋರಿಸಿದ ಎಂಬುದರ ಮೇಲೆ ನಮ್ಮ ದೇಶದಲ್ಲೇ ಬರೇಲಿಯ ಮತ್ತು ದೇವಬಂದಿನ ವಿದ್ವಾಂಸರು ಗ್ರಂಥಗಟ್ಟಲೆ ವಾದಿಸಿದ್ದಾರೆ. ಆ ವಾದಕ್ಕೆ ಇಳಿಯುವಷ್ಟು ಓದು ನನ್ನದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಹೆಂಗಸು ತಾನೇ ಹೇಳಿದ ಕಥೆ.

ಹಿಜರಿ 5 ಅಥವಾ 6ನೆಯ ವರ್ಷ, ಎಂದರೆ ಕ್ರಿ.ಶ. 627ರ ಆಸುಪಾಸು. ದಂಡಯಾತ್ರೆಯೊಂದರಿಂದ ಮದೀನಾಕ್ಕೆ ಹಿಂದಿರುಗುವಾಗ ಪ್ರವಾದಿಯವರ ಪತ್ನಿ ಆಯಿಶಾ ಜೊತೆಗಿದ್ದರು. ರಾತ್ರಿ ಬಯಲಿಗೆ ಹೋಗಿ ಬಂದವರು ಕೊರಳು ಮುಟ್ಟಿಕೊಂಡರೆ ಸರವಿಲ್ಲ. ಯಮನ್ ದೇಶದ ಮಣಿಗಳ ಸರ. ಹುಡುಕಲು ಹಿಂದಕ್ಕೆ ಹೋದರು. ಕಿವಿಯೋಲೆಯ ತಿರುಪು ಬಿದ್ದರೆ ಅಂಗಳವನ್ನೆಲ್ಲ ಗುಡಿಸಿ ಜಾಲಾಡುವ ನಮಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟರಲ್ಲಿ ಆಳುಗಳು ಪರದೆ ಮುಚ್ಚಿದ ಅವರ ಪಲ್ಲಕ್ಕಿಯನ್ನು ಎತ್ತಿ ಒಂಟೆಯ ಮೇಲಿಟ್ಟು ಹೊರಟೇಬಿಟ್ಟರು. ಹಗುರ ಮೈಯ ಹುಡುಗಿ. ಒಳಗಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ದಂಡಿನ ಹಿಂದೆ ಬರುತ್ತಿದ್ದ ಸಫ್ವಾನ್ ಎಂಬಾತ ಬೆಳಗ್ಗೆ ಅವರನ್ನು ಕಂಡು, ಒಂಟೆಯ ಮೇಲೆ ಕೂರಿಸಿ, ತಾನು ಹಗ್ಗ ಹಿಡಿದು ನಡೆದು ದಂಡನ್ನು ಸೇರಿಸಿದ.

ಊರಿಗೆ ಇಷ್ಟು ಸಾಕಾಯಿತು. ಅಬ್ದುಲ್ಲಾ ಬಿನ್ ಉಬಯ್ಯ್ ಕಿಡಿ ಹಚ್ಚಿದ. ಕವಿ ಹಸ್ಸಾನ್, ಆಯಿಶಾರ ನೆಂಟನೇ ಆದ ಮಿಸ್ತಃ, ಹಮ್ನಾ ಎಂಬ ಹೆಂಗಸು ಗಾಳಿ ಹಾಕಿದರು. ಆಯಿಶಾ ಒಂದು ತಿಂಗಳು ಜ್ವರದಲ್ಲಿ ಮಲಗಿದ್ದರು. ಗಂಡ ಒಳಗೆ ಬಂದು ಹೇಗಿದ್ದಾಳೆ ಎಂದು ಕೇಳಿ ಹೊರಟುಬಿಡುತ್ತಿದ್ದರು. ಹಿಂದಿನ ಅಕ್ಕರೆ ಏಕಿಲ್ಲವೆಂದು ಆಕೆಗೆ ತಿಳಿಯದು. ಕೊನೆಗೆ ತಿಳಿದದ್ದು ಮಿಸ್ತಃನ ತಾಯಿಯಿಂದ. ಆಕೆ ಎಡವಿ, ಮಗನಿಗೇ ಶಾಪ ಹಾಕಿದಳಂತೆ. ಆಯಿಶಾ ತವರಿಗೆ ಹೋಗಿ ಹಗಲಿರುಳು ಅತ್ತರು.

ಪ್ರವಾದಿಯವರಿಗೆ ಆ ತಿಂಗಳು ಯಾವ ಸಂದೇಶವೂ ಬರಲಿಲ್ಲ. ಎಲ್ಲ ಗಂಡಸರಂತೆ ಅವರೂ ನಾಲ್ಕು ಜನರನ್ನು ಕೇಳಿದರು. ಉಸಾಮಾ ಒಳ್ಳೆಯದನ್ನೇ ಹೇಳಿದರು. ಅಲಿ, ಹೆಂಗಸರಿಗೇನು ಬರ, ಬೇಕಾದರೆ ಕೆಲಸದವಳನ್ನು ಕೇಳಿ ಎಂದರು. ಕೆಲಸದ ಬರೀರಾಳಿಗೆ ಕಂಡ ದೋಷ ಒಂದೇ: ಹಿಟ್ಟು ಕಾಯದೆ ನಿದ್ದೆ ಹೋಗುತ್ತಾಳೆ, ಆಡು ಬಂದು ತಿಂದುಬಿಡುತ್ತದೆ! ಇನ್ನೊಬ್ಬ ಪತ್ನಿ ಝೈನಬ್ ಆಯಿಶಾಗೆ ಸರಿಸಮ ಸ್ಪರ್ಧಿ, ಸಾಲದ್ದಕ್ಕೆ ಹಮ್ನಾಳ ಅಕ್ಕತಂಗಿ. ಸವತಿಯ ಮೇಲೆ ಒಂದು ಮಾತು ಸೇರಿಸಲು ಇದಕ್ಕಿಂತ ಸಮಯ ಬೇಕೆ? ಝೈನಬ್ ಸೇರಿಸಲಿಲ್ಲ.

ನಂತರ ಬಂದದ್ದು ಕುರ್‌ಆನಿನ 24ನೆಯ ಅಧ್ಯಾಯದ ವಚನಗಳು. ಆಯಿಶಾ ನಿರ್ದೋಷಿ. ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸುವವನು ನಾಲ್ವರು ಸಾಕ್ಷಿಗಳನ್ನು ತರಬೇಕು. ತಾರದಿದ್ದರೆ ಅವನಿಗೇ 80 ಛಡಿಯೇಟು. ಪುರಾವೆಯ ಭಾರ ಆಡಿಕೊಂಡವರ ಹೆಗಲಿಗೆ ಬಿತ್ತು. ಎದ್ದು ಗಂಡನ ಬಳಿ ಹೋಗು ಎಂದರು ತಾಯಿ. ಆಯಿಶಾ ಒಪ್ಪಲಿಲ್ಲ, ಕೃತಜ್ಞತೆ ದೇವರಿಗೆ ಮಾತ್ರ ಎಂದರು. ಅಬ್ಬಾ, ಎಂಥ ಹೆಣ್ಣು!

ಪವಾಡ ಕಟ್ಟುವ ಕೈಗಳಿಗೆ ಆ ಮೂವತ್ತು ದಿನಗಳನ್ನು ಮುಚ್ಚಿಬಿಡುವುದು ಕಷ್ಟವಿರಲಿಲ್ಲ. 870ರಲ್ಲಿ ತೀರಿಕೊಂಡ ಬುಖಾರಿಯ ಹದೀಸ್ ಸಂಗ್ರಹದಲ್ಲಿ ಗಂಡನ ಆ ತಿಳಿಯದಿರುವಿಕೆ, ಹೆಂಡತಿಯ ಆ ಕಣ್ಣೀರು ಎರಡೂ ಹಾಗೆಯೇ ಇವೆ. ಅದನ್ನು ಆಯಿಶಾರಿಂದ ಕೇಳಿ ಮುಂದಿನವರಿಗೆ ದಾಟಿಸಿದವರಲ್ಲಿ ಒಬ್ಬರು ಅಕ್ಕನ ಮಗ ಉರ್ವಾ. ಕವಿ ಹಸ್ಸಾನ್ ಕಣ್ಣು ಕಳೆದುಕೊಂಡು ಮುದುಕನಾದ ಮೇಲೂ ಆಯಿಶಾರ ಮನೆಗೆ ಬರುತ್ತಿದ್ದನಂತೆ. ಉರ್ವಾ ಅವನನ್ನು ಬೈಯಲು ಹೊರಟಾಗ ಆಕೆ ತಡೆದರು: ಬೇಡ ಮಗು, ಪ್ರವಾದಿಯವರ ಪರವಾಗಿ ಕವಿತೆ ಕಟ್ಟಿದವನು ಅವನು.