ಹತ್ತಿಯ ಲಂಗ, ಗ್ಯಾಸಿನ ದೀಪ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಹತ್ತಿಯ ಸ್ವಭಾವವನ್ನು ಯಾರೂ ಪಾಠ ಹೇಳಿ ತಿಳಿಸಬೇಕಾಗಿಲ್ಲ. ಹತ್ತಿ ಬಿಡಿಸಿ ತಂದು ಅಂಕಣದಲ್ಲಿ ಕೂಡಿಹಾಕಿದ ದಿನದಿಂದ ಅದು ಗಿರಣಿಗೆ ಸಾಗುವವರೆಗೆ ನಮ್ಮ ತಾಯಿಯವರು ಅಲ್ಲಿಗೆ ಚಿಮಣಿಯನ್ನು ತರಗೊಡುತ್ತಿರಲಿಲ್ಲ. ಬೀಡಿ ಸೇದುವ ಆಳು ಅಂಗಳದಲ್ಲಿಯೇ ನಿಲ್ಲಬೇಕು. “ಹತ್ತಿಗೆ ಕಿಡಿ ತೋರಿಸಬಾರದಪ್ಪಾ, ನೀರು ತರೂದ್ರಾಗ ಮನಿ ಹೋಗ್ತದ” ಎಂದು ಅವರು ಹೇಳುತ್ತಿದ್ದರು. ಯೂರೋಪಿನ ನೃತ್ಯರಂಗದ ಇತಿಹಾಸವನ್ನು ಓದುವಾಗ ಈ ಮಾತು ನನಗೆ ಮರಳಿ ಮರಳಿ ನೆನಪಿಗೆ ಬಂದುದುಂಟು. ಅದೇಕೆಂಬುದನ್ನು ಇಂದು ತಮ್ಮೆದುರು ನಿವೇದಿಸಬಯಸುತ್ತೇನೆ.

ಬ್ಯಾಲೆ ಎಂಬ ನೃತ್ಯದಲ್ಲಿ ನರ್ತಕಿಯು ಉಡುವ, ಪದರು ಪದರಾದ ತೆಳುಬಟ್ಟೆಯ ಲಂಗಕ್ಕೆ ‘ಟುಟು’ ಎಂದು ಹೆಸರು. ಈ ಹೆಸರು ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಉಡುಪು ಅದಕ್ಕಿಂತ ಹಳೆಯದು. ಹದಿನೆಂಟನೆಯ ಶತಮಾನದ ನರ್ತಕಿಯರು ಆಸ್ಥಾನದ ಹೆಂಗಸರಂತೆ ಭಾರವಾದ ನಿಲುವಂಗಿಗಳನ್ನು ತೊಟ್ಟು ಕುಣಿಯುತ್ತಿದ್ದರು. ೧೮೩೨ನೆಯ ಇಸವಿಯ ಮಾರ್ಚ್ ೧೨ರಂದು ಪ್ಯಾರಿಸ್ಸಿನ ಓಪೆರಾ ನಾಟ್ಯಶಾಲೆಯಲ್ಲಿ ‘ಲಾ ಸಿಲ್ಫೀಡ್’ ಎಂಬ ನೃತ್ಯನಾಟಕ ನಡೆಯಿತು. ಅದರಲ್ಲಿ ಮರೀ ತಾಲಿಯೋನಿ ಎಂಬಾಕೆ ವಾಯುಲೋಕದ ಕನ್ಯೆಯಾಗಿ, ಬಿಗಿಯಾದ ಕುಪ್ಪಸ, ಗಂಟೆಯಂತೆ ಅರಳಿ ಮೀನಖಂಡದವರೆಗೆ ಇಳಿದ ಬಿಳಿಯ ಲಂಗ, ಇವಿಷ್ಟನ್ನೇ ತೊಟ್ಟು, ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿದಳು. ನೆಲಕ್ಕೂ ಆಕೆಗೂ ಸಂಬಂಧವೇ ಇಲ್ಲವೆಂಬಂತೆ ಜನರಿಗೆ ತೋರಿತು. ಅಂದಿನಿಂದ ಆ ಉಡುಪೇ ಯೂರೋಪಿನ ರಂಗಭೂಮಿಗೆ ಮಾದರಿಯಾಯಿತು.

ಈ ಸೊಬಗಿಗೆ ಎರಡು ಕಾರಣಗಳು. ಮೊದಲನೆಯದು ಬಟ್ಟೆ. ಮಸ್ಲಿನ್, ಟಾರ್ಲಟನ್ ಎಂಬ ಜಾಳುಜಾಳಾದ ಹತ್ತಿಬಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿ ಹೊಲಿಯುತ್ತಿದ್ದರು. ಎರಡನೆಯದು ಬೆಳಕು. ಪ್ಯಾರಿಸ್ಸಿನ ಓಪೆರಾಕ್ಕೆ ೧೮೨೨ರಲ್ಲಿ ಗ್ಯಾಸಿನ ದೀಪಗಳು ಬಂದವು. ಆ ದೀಪಗಳನ್ನು ಬೇಕಾದಂತೆ ಕುಗ್ಗಿಸಿ ಬೆಳದಿಂಗಳಿನ ಭ್ರಮೆಯನ್ನು ಹುಟ್ಟಿಸಬಹುದಾಗಿತ್ತು. ಬಿಳಿಯ ಲಂಗವು ಆ ಬೆಳಕಿನಲ್ಲಿ ಮಂಜಿನಂತೆ ಕಾಣುತ್ತಿತ್ತು. ಆದರೆ ಒಂದು ಮಾತನ್ನು ನೆನೆಯಬೇಕು. ಪದರಗಳ ನಡುವೆ ಗಾಳಿ; ಬಟ್ಟೆಯ ಎಳೆಗಳ ನಡುವೆಯೂ ಗಾಳಿ; ರಂಗದ ಅಂಚಿನಲ್ಲಿಯೂ ಪಕ್ಕಗಳಲ್ಲಿಯೂ ಬರಿಯ ಜ್ವಾಲೆ. ನಮ್ಮ ತಾಯಿಯವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೆಂದು ನಾನು ಹೇಳಬೇಕಾಗಿಲ್ಲ.

ಅನಾಹುತಗಳು ತಡವಾಗಲಿಲ್ಲ. ೧೮೪೪ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಉಡುಪಿಗೆ ದೀಪ ತಗಲಿ ಆಕೆ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಪರಿಹಾರ ಗೊತ್ತಿರಲಿಲ್ಲವೆಂದಲ್ಲ. ಹದಿನೆಂಟನೆಯ ಲೂಯಿ ದೊರೆಯ ಅಪೇಕ್ಷೆಯಂತೆ ಗೇ-ಲುಸಾಕ್ ಎಂಬ ರಸಾಯನಶಾಸ್ತ್ರಜ್ಞನು ೧೮೨೧ರಲ್ಲಿಯೇ, ಅಮೋನಿಯಾದ ಲವಣಗಳಲ್ಲಿಯೂ ಬಿಳಿಗಾರದಲ್ಲಿಯೂ ಅದ್ದಿದ ಬಟ್ಟೆ ಉರಿದೇಳುವುದಿಲ್ಲವೆಂದು ತೋರಿಸಿಕೊಟ್ಟಿದ್ದನು. ಅನಂತರ ಕಾರ್ತರೋನ್ ಎಂಬವನ ಕ್ರಮವೊಂದು ಪ್ರಚಾರಕ್ಕೆ ಬಂದಿತು. ೧೮೫೯ರ ನವೆಂಬರ್ ೨೭ರ ರಾಜಾಜ್ಞೆಯು ಓಪೆರಾದ ಉಡುಪುಗಳೆಲ್ಲ ಆ ಕ್ರಮದಿಂದ ಸಂಸ್ಕಾರ ಹೊಂದಿರಬೇಕೆಂದು ವಿಧಿಸಿತು. ಆದರೆ ಸಂಸ್ಕಾರ ಹೊಂದಿದ ಬಟ್ಟೆ ಪೆಡಸಾಗುತ್ತಿತ್ತು, ಮಾಸಿದಂತೆ ಕಾಣುತ್ತಿತ್ತು. ವಾಯುಕನ್ಯೆಗೆ ಅದು ಒಪ್ಪಲಿಲ್ಲ.

ಎಮ್ಮಾ ಲೀವ್ರಿ ಎಂಬವಳು ತಾಲಿಯೋನಿಯ ಶಿಷ್ಯೆ; ಹದಿನಾರನೆಯ ವಯಸ್ಸಿನಲ್ಲಿಯೇ ಓಪೆರಾದಲ್ಲಿ ‘ಲಾ ಸಿಲ್ಫೀಡ್’ ಕುಣಿದು ಹೆಸರಾದವಳು. ೧೮೬೦ರಲ್ಲಿ ಗುರುವು ಆಕೆಗಾಗಿಯೇ ‘ಲ ಪಾಪಿಯೋನ್’, ಎಂದರೆ ಚಿಟ್ಟೆ, ಎಂಬ ನೃತ್ಯವನ್ನು ಸಂಯೋಜಿಸಿದಳು. ಅದರಲ್ಲಿ ಚಿಟ್ಟೆಯಾದ ನಾಯಿಕೆಯ ರೆಕ್ಕೆಗಳು ಪಂಜಿನ ಉರಿಗೆ ಸಿಕ್ಕಿ ಸುಡುತ್ತವೆ. ಅದೇ ವರ್ಷ ಎಮ್ಮಾ, ತಾನು ಎಂದಿನ ಲಂಗದಲ್ಲಿಯೇ ಕುಣಿಯುವೆನೆಂದೂ ಅದರ ಹೊಣೆ ತನ್ನದೇ ಎಂದೂ ಅಧಿಕಾರಿಗಳಿಗೆ ಬರೆದುಕೊಟ್ಟಳು. ೧೮೬೨ರ ನವೆಂಬರ್ ೧೫ರಂದು, ‘ಲಾ ಮ್ಯುಯೆಟ್ ದ ಪೋರ್ತಿಚಿ’ ಎಂಬ ಗೀತನಾಟಕದ ತಾಲೀಮಿನಲ್ಲಿ, ರಂಗದ ಪಕ್ಕದ ಗ್ಯಾಸಿನ ಜ್ವಾಲೆ ಆಕೆಯ ಲಂಗಕ್ಕೆ ತಾಗಿತು. ಎಂಟು ತಿಂಗಳ ಯಾತನೆಯ ಬಳಿಕ, ೧೮೬೩ರ ಜುಲೈ ೨೬ರಂದು, ಆಕೆ ಮೃತಳಾದಳು. ಆಗ ಆಕೆಗೆ ಇಪ್ಪತ್ತೊಂದು ವರ್ಷಗಳು ಇನ್ನೂ ತುಂಬಿರಲಿಲ್ಲ. ಸುಟ್ಟುಳಿದ ಉಡುಪಿನ ಚೂರುಗಳನ್ನು ಓಪೆರಾದ ಸಂಗ್ರಹಾಲಯದಲ್ಲಿ ಕಾಯ್ದಿರಿಸಿದ್ದಾರೆ.

ಅದೇ ವರ್ಷಗಳಲ್ಲಿ ನಮ್ಮ ಸೀಮೆಯ ಹತ್ತಿಯೂ ಯೂರೋಪಿನ ದಾರಿ ಹಿಡಿದಿತ್ತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ, ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆಗೆ ಮುಖ ಮಾಡಿದವು. ಜವಾರಿ ಹತ್ತಿ ಹಡಗನ್ನೇರುತ್ತಿದ್ದ ಬಂದರಿನಿಂದಾಗಿ ‘ಕುಮಟಾ’ ಎಂಬ ಹೆಸರನ್ನು ಪಡೆದಿತ್ತು. ೧೮೪೦ರ ದಶಕದಿಂದ ಇಲ್ಲಿ ಬೇರೂರಿದ್ದ ನ್ಯೂ ಆರ್ಲಿಯನ್ಸಿನ ತಳಿ ‘ಧಾರವಾಡ-ಅಮೆರಿಕನ್’ ಎನಿಸಿಕೊಂಡಿತ್ತು. ಕಾರವಾರದ ಬಂದರಿನಿಂದ ಹತ್ತಿಯನ್ನು ಸಾಗಿಸುವ ಅನುಕೂಲಕ್ಕಾಗಿ ೧೮೬೨ರಲ್ಲಿ ಉತ್ತರ ಕನ್ನಡವನ್ನೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಮ್ಮ ಹತ್ತಿಯ ಎಳೆ ಗಿಡ್ಡ. ಅದು ದಪ್ಪನೆಯ ನೂಲಿಗೆ ತಕ್ಕುದೇ ಹೊರತು, ನರ್ತಕಿಯ ಮಸ್ಲಿನ್ನಿಗೆ ತಕ್ಕುದಲ್ಲ. ದಪ್ಪ ನೂಲಿನ ಒತ್ತಾದ ನೆಯ್ಗೆಗೆ ನವಲಗುಂದದ ಜಮಖಾನೆಯೇ ಸಾಕ್ಷಿ. ಅದರ ಮೇಲೆ ಕಿಡಿ ಬಿದ್ದರೆ ಕಪ್ಪಾಗಿ ಕಮರೀತು; ಧಗ್ಗನೆ ಉರಿದೇಳುವುದು ಅಪೂರ್ವ. ಗಿಡದ ಜಾತಿ ಒಂದೇ. ಅಪಾಯವನ್ನು ತಂದುದು, ಅದರಿಂದ ಮನುಷ್ಯನು ಬಯಸಿದ ಹಗುರತನ.

ಮುಂದೆ ಕಾಲ ಬದಲಾಯಿತು. ೧೮೮೧ರಲ್ಲಿ ಲಂಡನ್ನಿನ ಸೆವಾಯ್ ನಾಟಕಶಾಲೆ ವಿದ್ಯುದ್ದೀಪಗಳಿಂದ ಬೆಳಗಿತು. ಇತರ ರಂಗಗಳಲ್ಲಿಯೂ ಕ್ರಮವಾಗಿ ಜ್ವಾಲೆ ಮರೆಯಾಯಿತು. ಇಟಲಿಯ ನರ್ತಕಿಯರ ಕ್ಲಿಷ್ಟವಾದ ಕಾಲ್ಚಳಕ ಜನರಿಗೆ ಕಾಣಬೇಕಾದುದರಿಂದ ಲಂಗ ಮೊಳಕಾಲಿನ ಮೇಲಕ್ಕೇರಿತು. ಸೊಂಟದ ಸುತ್ತ ತಟ್ಟೆಯಂತೆ ಚಾಚಿ ನಿಲ್ಲುವ ಇಂದಿನ ಟುಟು ಆ ದಾರಿಯಲ್ಲಿಯೇ ರೂಪುಗೊಂಡಿತು.

ಎಮ್ಮಾ ತಾನೇ ಬರೆದುಕೊಟ್ಟಳಲ್ಲ, ತಪ್ಪು ಯಾರದು ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಬರೆದುದು ಆಕೆಯ ಕೈ, ನಿಜ. ಆದರೆ ಮಾಸಿದ ಲಂಗದ ವಾಯುಕನ್ಯೆಯನ್ನು ಯಾವ ಪ್ರೇಕ್ಷಕನು ಮೆಚ್ಚುತ್ತಿದ್ದನು? ನೋಡುವವರ ಮೆಚ್ಚುಗೆಯಿಂದಲೇ ಬಾಳುವವಳಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟು ಮಾತ್ರ ಇದ್ದೀತು? ನಮ್ಮ ತಾಯಿಯವರ ನಿಯಮ ಸುಲಭವಾಗಿ ನಡೆಯಿತು. ಅದನ್ನು ಮುರಿದವರಿಗೆ ಚಪ್ಪಾಳೆ ತಟ್ಟುವವರು ನಮ್ಮ ಅಂಕಣದಲ್ಲಿ ಯಾರೂ ಇರಲಿಲ್ಲ.